ಎರಡನೇ ನೀರು

ಭಾಗ್ಯಳಿಗೆ, ಅಂದರೆ ನನಗೆ, ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಮಾವ ಗುರುಸಂಗಪ್ಪನವರು ಊರೆಲ್ಲ ಹೇಳಿಕೊಂಡು ತಿರುಗುತ್ತಾರೆ. ತಿರುಗಲಿ. ಆ ಮನೆಯಲ್ಲಿ ಸೊಸೆಯಾಗಿದ್ದೂ ಕೋಪ ಬರದಿದ್ದರೆ ಅವಳು ಹೆಂಗಸಲ್ಲ, ಒರಳುಕಲ್ಲು.

ಕೊಟ್ಟೂರಿನ ಪೇಟೆಯಲ್ಲಿ ಮಾವನದು ಕಾಫಿಪುಡಿ ಅಂಗಡಿ. ಚಹಾ ಕುಡಿಯುವ ಊರಿನಲ್ಲಿ ಕಾಫಿಪುಡಿ ಮಾರುವುದೇ ಒಂದು ಹಟ. ಅದರಲ್ಲೂ ಚಿಕೋರಿ ಬೆರೆಸುವುದಿಲ್ಲ, ಚಿಕ್ಕಮಗಳೂರು ಕಡೆಯ ಒಂದೇ ತೋಟದ ಬೀಜ, ಬೇರೆ ತೋಟದ್ದು ಒಂದು ಕಾಳೂ ಸೇರಿಸುವುದಿಲ್ಲ ಎಂಬ ಜಂಬ ಬೇರೆ. ಬೋರ್ಡಿನ ಮೇಲೂ ಹಾಗೆಯೇ ಬರೆಸಿದ್ದರು. ಹುರಿಯುವವರು ಯಾರು ಎಂಬುದನ್ನು ಮಾತ್ರ ಬರೆಸಿರಲಿಲ್ಲ.

ಹುರಿಯುತ್ತಿದ್ದವರು ನಮ್ಮತ್ತೆ ಪಂಪಮ್ಮ. ಹಿತ್ತಲಿನ ತಗಡಿನ ಚಪ್ಪರದ ಕೆಳಗೆ ಕೈಯಿಂದ ತಿರುಗಿಸುವ ಡ್ರಮ್ಮು, ಅದರಡಿ ಜಾಲಿ ಕಟ್ಟಿಗೆಯ ಬೆಂಕಿ. ಮಿಕ್ಕ ಹೊತ್ತಿನಲ್ಲಿ ನೀರು ತಾ, ಎಲೆ ಅಡಕೆ ತಾ ಎಂದು ಕರೆಸಿಕೊಳ್ಳುವ ಹೆಂಗಸು ಆ ಡ್ರಮ್ಮಿನ ಮುಂದೆ ಕೂತರೆ ಬೇರೆಯೇ ಆಗಿಬಿಡುತ್ತಿದ್ದರು. ಬೀಜ ಚಟಪಟ ಎನ್ನುವಾಗ ಯಾರಾದರೂ ಮಾತಾಡಿಸಿದರೆ ಮುಗಿಯಿತು, ಗಂಡನನ್ನೂ ಗದರುತ್ತಿದ್ದರು. ಇಡೀ ದಿನದಲ್ಲಿ ಅವರ ದನಿ ಏರುತ್ತಿದ್ದುದು ಅದೊಂದೇ ಹೊತ್ತಿನಲ್ಲಿ.

ನಾನು ಹಡಗಲಿಯವಳು. ನಮ್ಮ ತವರಿನಲ್ಲಿ ಚಹಾ, ಒಂದೇ ಪಾತ್ರೆಯಲ್ಲಿ ಕುದಿಸಿದ್ದು ಎಲ್ಲರಿಗೂ. ಮದುವೆಯಾಗಿ ಬಂದ ಹೊಸದರಲ್ಲಿ ಫಿಲ್ಟರಿನಿಂದ ಇಳಿದ ಡಿಕಾಕ್ಷನ್ನಿಗೆ ಹಾಲು ಬೆರೆಸಿ ನಾನೂ ಒಂದು ಲೋಟ ತೆಗೆದುಕೊಳ್ಳಲು ಹೋದೆ. ಅತ್ತೆ ಕೈ ಹಿಡಿದರು.

"ಅದು ಗಂಡಸ್ರಿಗೆ, ಬಂದೋರಿಗೆ. ನಮಗ ಎರಡನೇ ನೀರು."

ಸಾರವೆಲ್ಲ ಇಳಿದುಹೋದ ಅದೇ ಪುಡಿಯ ಮೇಲೆ ಇನ್ನೊಮ್ಮೆ ಬಿಸಿನೀರು ಸುರಿಯಬೇಕು. ಆಗ ಇಳಿಯುವ ಕಲಗಚ್ಚು ಹೆಂಗಸರ ಪಾಲು. ಬಡಿಸುವ ಮೊದಲು ರುಚಿ ನೋಡುವಂತೆಯೂ ಇಲ್ಲ, ಎಂಜಲಾಗುತ್ತದೆ.

"ಮತ್ತ ಹುರಿದದ್ದು ಹೆಂಗೈತಿ ಅಂತ ನಿಮಗ ಹೆಂಗ ಗೊತ್ತಾಗತೈತ್ರಿ ಅತ್ತಿ?" ಎಂದು ಕೇಳಿದೆ.

"ವಾಸನಿ ಐತಿ, ಬಣ್ಣ ಐತಿ. ಆಮ್ಯಾಲ ನಮ್ಮ ಲೋಟ ಐತಲ್ಲ."

ನನ್ನ ಮೈಯೆಲ್ಲ ಉರಿದುಹೋಯಿತು. ಆದರೂ ಹೊಸ ಸೊಸೆ, ಬಾಯಿ ಮುಚ್ಚಿಕೊಂಡು ಕುಡಿದೆ. ಆಮೇಲೆ ರೂಢಿಯಾಗಿಬಿಟ್ಟಿತು, ಅದಕ್ಕೂ ನನ್ನ ಮೇಲೆ ನನಗೇ ಸಿಟ್ಟಿದೆ.

ಎರಡು ಸಾವಿರದ ಇಸವಿ ದಾಟುವ ಹೊತ್ತಿಗೆ ಅಂಗಡಿಗೆ ಗಿರಾಕಿ ಕಡಿಮೆಯಾದರು. ಒಬ್ಬೊಬ್ಬರೇ ಕಹಿ ಕಹಿ ಅನ್ನತೊಡಗಿದರು. ಮಾವ ಕೇಳಬೇಕಲ್ಲ. "ಕಾಫಿ ಕಹಿ ಇರದ ಏನು ಪಾಯಸ ಇದ್ದಂಗ ಇರತೈತೇನು?" ಎಂದು ಗಿರಾಕಿಗಳ ಮೇಲೇ ಹರಿಹಾಯುತ್ತಿದ್ದರು. ತಾವು ಮಾತ್ರ ಲೋಟದ ತುಂಬ ಗಟ್ಟಿ ಹಾಲು, ಚಮಚಗಟ್ಟಲೆ ಸಕ್ಕರೆ. ನನ್ನ ಗಂಡ ಅಮರೇಶ್ ದಾವಣಗೆರೆಯಿಂದ ಪಾಕೀಟು ಪುಡಿ ಮಾರುವವನೊಬ್ಬನನ್ನು ಕರೆತಂದ. ಹುರಿಯುವ ರಗಳೆ ಇಲ್ಲ, ಬೀಸುವ ರಗಳೆ ಇಲ್ಲ, ಸುಮ್ಮನೆ ಕೂತು ಮಾರಿದರಾಯಿತು. ಕೊನೆಗೆ ಮಾವ ಒಂದು ತೀರ್ಮಾನಕ್ಕೆ ಬಂದರು. ಹರಪನಹಳ್ಳಿಯ ಹೋಟೆಲ್ ಜಂಬಣ್ಣ ನಮ್ಮೂರಿನ ಬಸ್ ನಿಲ್ದಾಣದ ಹತ್ತಿರ ಹೊಸ ಹೋಟೆಲು ಇಡುವವನಿದ್ದ. ಅವನು ನಮ್ಮ ಪುಡಿ ಒಪ್ಪಿದರೆ ಡ್ರಮ್ಮು ಉಳಿಯುತ್ತದೆ, ಇಲ್ಲದಿದ್ದರೆ ಗುಜರಿಗೆ.

ಅತ್ತೆ ಮೊರದಲ್ಲಿ ಬೀಜ ಹರವಿಕೊಂಡು ಒಡಕು, ಕಪ್ಪಾದದ್ದು ಎಲ್ಲ ಆರಿಸಿದರು. ಆರಿಸಿದ್ದನ್ನೇ ಮತ್ತೆ ಆರಿಸಿದರು. ಡ್ರಮ್ಮು ಹೋದರೆ ಈ ಹೆಂಗಸು ಈ ಮನೆಯಲ್ಲಿ ಬರೀ ನೀರು ಕೊಡುವವಳಾಗಿ ಉಳಿಯುತ್ತಾಳೆ ಎಂದು ನನಗನ್ನಿಸಿತು.

ಜಂಬಣ್ಣ ಬೆಳಿಗ್ಗೆಯೇ ಬಂದ. ಪಡಸಾಲೆಯಲ್ಲಿ ಕೂತವನೇ, "ಮೂರು ಥರ ಮಾಡ್ಸ್ರಿ ಗುರುಸಂಗಪ್ಪಾರೆ. ಫಿಲ್ಟರ್‌ನಾಗೆ ಒಂದು, ಬಟ್ಟೇಲಿ ಸೋಸಿದ್ದು ಒಂದು, ಪುಡಿ ಹಾಕಿ ಕುದಿಸಿದ್ದು ಒಂದು. ಹಾಲು ಸಕ್ಕರೆ ಬ್ಯಾಡ. ಹಾಲು ಹಾಕಿದ್ರೆ ಏನೂ ತಿಳಿಯಲ್ಲ" ಎಂದ.

ಮಾಡುವವಳು ನಾನು. ಮೊದಲು ಹಿತ್ತಾಳೆ ಫಿಲ್ಟರಿನದು, ಹನಿಹನಿಯಾಗಿ ಇಳಿದದ್ದು. ಜಂಬಣ್ಣ ಒಂದು ಗುಟುಕು ಬಾಯಲ್ಲಿ ಆಡಿಸಿ ನುಂಗಿದ, ಮುಖ ಕಿವುಚಿದ. "ಕಹಿ ಐತ್ರಿ."

"ಏ ಭಾಗ್ಯಾ, ನೀರು ಅಷ್ಟು ಕುದಿಸಬಾರದು ಅಂತ ಗೊತ್ತಿಲ್ಲೇನು?" ಎಂದರು ಮಾವ.

ಎರಡನೆಯದು ಬಟ್ಟೆಯದು. ಪುಡಿ ಕಟ್ಟಿದ ಬಟ್ಟೆಯ ಮೇಲೆ ನೀರು ಸುರಿದು ಬೇಗ ಇಳಿಸಿದೆ, ಹೋಟೆಲಿನವರು ಮಾಡುವ ಹಾಗೆ. ತೆಳ್ಳಗಾಯಿತು, ಆದರೂ ಕಹಿ. ಮಾವನ ಪ್ರಕಾರ ನಾನು ಬಟ್ಟೆ ಸರಿಯಾಗಿ ಹಿಂಡಿರಲಿಲ್ಲ. ಮೂರನೆಯದು ಕುದಿಸಿ, ಪುಡಿ ತಳಕ್ಕೆ ಕೂರಲು ಬಿಟ್ಟು, ಮೇಲಿನ ತಿಳಿ ಬಗ್ಗಿಸಿದ್ದು. ಅದನ್ನು ಜಂಬಣ್ಣ ಅರ್ಧದಲ್ಲೇ ಕೆಳಗಿಟ್ಟ.

"ಬೀಜ ಚಲೋ ಐತೆ ಅನ್ನಿಸ್ತೈತ್ರಿ. ಆದ್ರೆ ಮೂರರಾಗೂ ಅದೇ ಕಹಿ."

"ನಮ್ಮ ಸೊಸಿಗೆ ಕಾಫಿ ಮಾಡಾಕ ಬರಂಗಿಲ್ಲ ಜಂಬಣ್ಣ. ಚಾ ಕುಡಿಯೋ ಮನಿಯಿಂದ ಬಂದಾಕಿ."

ತವರಿನ ಸುದ್ದಿ ತೆಗೆದರೆ ನಾನು ಸುಮ್ಮನಿರುವವಳಲ್ಲ. ಫಿಲ್ಟರಿನಲ್ಲಿ ಉಳಿದಿದ್ದ ಮೊದಲ ಡಿಕಾಕ್ಷನ್ನನ್ನು ಲೋಟಕ್ಕೆ ಬಗ್ಗಿಸಿ, ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅತ್ತೆಯ ಕೈಗಿಟ್ಟೆ. "ಹುರದಾಕಿ ನೀವು. ಕುಡದು ನೀವ ಹೇಳ್ರಿ ಅತ್ತಿ, ನನ್ನ ತಪ್ಪೇನೈತಿ ಅಂತ."

ಅತ್ತೆ ಒಮ್ಮೆ ಗಂಡನ ಮುಖ ನೋಡಿದರು. ಮಾವ ಬೇಡ ಅನ್ನುವಷ್ಟರಲ್ಲಿ ಕುಡಿದುಬಿಟ್ಟಿದ್ದರು. ಕುಡಿದವರು ಹಾಗೇ ನಿಂತರು, ನುಂಗುವುದೋ ಉಗುಳುವುದೋ ತಿಳಿಯದವರಂತೆ.

"ಸೀದೈತಿ" ಎಂದರು. "ಇದು ನಾ ಹುರದದ್ದಾ?"

ಲೋಟವನ್ನು ಇನ್ನೊಮ್ಮೆ ಮೂಸಿದರು.

"ನನ್ನ ಲೋಟದಾಗ ಹಿಂಗ ಇರಂಗಿಲ್ಲ" ಎಂದರು ಅತ್ತೆ, ನನಗಲ್ಲ, ಯಾರಿಗೂ ಅಲ್ಲ. "ಎರಡನೇ ನೀರಿಗೆ ರುಚಿನ ಹತ್ತತಿರಲಿಲ್ಲ. ಹಂಗಾಗಿ ಚೂರು ಚೂರು ಹೆಚ್ಚಿಗಿ ಹುರಕೋತ ಬಂದೆ. ನನ್ನ ಲೋಟಕ್ಕ ಸರಿ ಅನ್ನಿಸಿದ್ರ ಎಲ್ಲಾರಿಗೂ ಸರಿ ಅಂತ ತಿಳಕೊಂಡಿದ್ದೆ."

ನನಗೆ ಅಲ್ಲೇ ಅಳು ಬಂತು. ಇಷ್ಟು ವರ್ಷ ಈ ಹೆಂಗಸಿಗೆ ತಾನು ಹುರಿದದ್ದರ ರುಚಿಯನ್ನೇ ತೋರಿಸಿರಲಿಲ್ಲ. ಸಾರವಿಲ್ಲದ ನೀರನ್ನು ಕುಡಿದು, ಅದರಲ್ಲಿ ಕಾಫಿ ಹುಡುಕಿ ಹುಡುಕಿ, ಬೀಜವನ್ನು ಇದ್ದಿಲು ಮಾಡಿದ್ದರು. ಗಿರಾಕಿ ಓಡಿಸಿದ್ದು ಅತ್ತೆಯಲ್ಲ, ಈ ಮನೆಯ ಪದ್ಧತಿ.

ಜಂಬಣ್ಣ ವ್ಯವಹಾರಸ್ಥ, ಅವನಿಗೆ ತಕ್ಷಣ ತಿಳಿಯಿತು. "ಅಮ್ಮಾರೆ, ಇನ್ನೊಂದು ಸಲ ಹುರೀರಿ. ಈ ಸಲ ಮೊದಲ ಲೋಟ ನೀವೇ ಕುಡಿದು ನೋಡಿ, ನಿಮಗೆ ಒಪ್ಪಿಗೆ ಆದ್ರೆ ಕಳಿಸ್ರಿ. ನಾ ತಗೋತೀನಿ" ಎಂದ.

ಅತ್ತೆಯ ಮುಖ ಅರಳಿದ್ದನ್ನು ನಾನು ಕಣ್ಣಾರೆ ಕಂಡೆ. ಸೆರಗು ಸರಿಮಾಡಿಕೊಂಡು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಮಾವ ಎದ್ದು ನಿಂತರು.

"ಹೆಂಗಸ್ರು ಕುಡದು ನೋಡಿ ಹೂಂ ಅಂದಮ್ಯಾಲ ಗಂಡಸ್ರು ಕುಡಿಯೋ ಪದ್ಧತಿ ನಮ್ಮ ಮನ್ಯಾಗ ಇಲ್ಲ ಜಂಬಣ್ಣ."

"ಒಂದು ಲೋಟದ ಮಾತು ಗುರುಸಂಗಪ್ಪಾರೆ."

"ಮರ್ಯಾದಿ ಮಾತು. ಡ್ರಮ್ಮ ಕೊಟ್ಟು ಬಿಡತೀನಿ. ಪಾಕೀಟು ಮಾರಿದ್ರ ಆತು."

ಜಂಬಣ್ಣ ಹೆಗಲ ಮೇಲಿನ ಟವೆಲು ಕೊಡವಿಕೊಂಡು ಹೊರಟುಹೋದ. ನಾನು ಬಾಯಿಗೆ ಬಂದದ್ದೆಲ್ಲ ಅಂದೆ. ಒಂದು ಲೋಟಕ್ಕೆ ಮನೆಯ ಅನ್ನ ಕಳೆದಿರಿ ಅಂದೆ, ನಿಮ್ಮ ಮರ್ಯಾದೆಗೆ ಬೆಂಕಿ ಬೀಳಲಿ ಅಂದೆ. "ಒಳಗ ನಡಿಯೇ" ಎಂದು ಅಮರೇಶ್ ತೋಳು ಹಿಡಿದು ಎಳೆದ. ಅವನಿಗೆ ಪಾಕೀಟಿನ ಕನಸು, ನನ್ನ ಮಾತು ಯಾಕೆ ಬೇಕು. ಅತ್ತೆ ಮಾತ್ರ ಲೋಟಗಳನ್ನೆಲ್ಲ ಎತ್ತಿಕೊಂಡು ತೊಳೆಯಲು ಹೋದರು.

ಗುಜರಿಯವನು ಬರುವ ದಿನ ಗಂಡಸರಿಬ್ಬರೂ ಅಂಗಡಿಗೆ ಹೋಗಿದ್ದರು. ಹಿತ್ತಲಿನಿಂದ ಹೊಗೆಯ ವಾಸನೆ ಬಂತು. ಹೋಗಿ ನೋಡಿದರೆ ಅತ್ತೆ ಚೀಲದಲ್ಲಿ ಉಳಿದಿದ್ದ ಬೀಜ ಸುರಿದು ಡ್ರಮ್ಮು ತಿರುಗಿಸುತ್ತಿದ್ದಾರೆ. ನಾನು ಪಕ್ಕದಲ್ಲಿ ಕೂತೆ, ಮಾತಾಡಲಿಲ್ಲ. ಬೀಜ ಹುಣಸೆಬೀಜದ ಬಣ್ಣಕ್ಕೆ ಬಂದದ್ದೇ ತಡ, ಬೆಂಕಿಯಿಂದ ಇಳಿಸಿಬಿಟ್ಟರು. ಯಾವತ್ತೂ ಅಷ್ಟು ಬೇಗ ಇಳಿಸಿದವರಲ್ಲ.

ಆರಿದ ಮೇಲೆ ಬೀಸಿ, ಫಿಲ್ಟರಿಗೆ ಹಾಕಿ, ಮೊದಲ ಡಿಕಾಕ್ಷನ್ನನ್ನೇ ಎರಡು ಲೋಟಕ್ಕೆ ಬಗ್ಗಿಸಿದೆ. ಹಾಲು ಹಾಕಲಿಲ್ಲ, ಸಕ್ಕರೆ ಹಾಕಲಿಲ್ಲ. ಕಹಿ ಇತ್ತು, ಆದರೆ ಹಿತವಾದ ಕಹಿ, ಅದರ ಹಿಂದೆಯೇ ಹೊಸ ಬೆಲ್ಲದಂಥ ಒಂದು ಸಿಹಿ ನಾಲಿಗೆಗೆ ಬಂತು. ನಾನು ಕಾಫಿ ಕುಡಿದದ್ದು ಅದೇ ಮೊದಲು ಅನ್ನಬೇಕು. ಅತ್ತೆ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಧಾನವಾಗಿ, ಕೊನೆಯ ಗುಟುಕಿನವರೆಗೂ ಕುಡಿದರು. ಹೊರಗೆ ಗುಜರಿಯವನ ಗಾಡಿ ಬಂದು ನಿಂತ ಸದ್ದಾಯಿತು.

"ಹೆಂಗೈತ್ರಿ ಅತ್ತಿ?" ಎಂದೆ.

"ಇದನ್ನ ಕುಡೀಬಾರದಿತ್ತು ಭಾಗ್ಯಾ."

"ಯಾಕ್ರಿ?"

"ಕುಡೀದ ಇದ್ದಿದ್ರ, ನನಗ ಹುರಿಯಾಕ ಬರಂಗಿಲ್ಲ, ಡ್ರಮ್ಮ ಹೋದ್ರ ಹೋಗ್ಲಿ ಅಂತ ಇದ್ದುಬಿಡತಿದ್ದೆ."