ಅಳಿಸಿಹೋದ ಹದಿನಾಲ್ಕು ಪ್ರಶ್ನೆ

ಈಗ ನಮ್ಮ ಕಡೆ ಮನೆಗೊಂದು ಮೊಬೈಲ್ ಬಂದಿದೆ. ಅದು ಯಾರ ಕಿಸೆಯಲ್ಲಿರುತ್ತದೆ ಅಂತ ಮಾತ್ರ ಕೇಳಬೇಡಿ. ಚಂದ್ರಾಮನ ಮನೆಯಲ್ಲೂ ಅದೇ ಕಥೆ. ಚಿತ್ತಾಪುರ–ವಾಡಿ ರಸ್ತೆಯಲ್ಲಿ ಟಂಟಂ ಆಟೊ ಓಡಿಸುವ ಅವನ ಜೊತೆ ಫೋನು ದಿನವೆಲ್ಲ ತಿರುಗುತ್ತಿತ್ತು. ಹೆಂಡತಿ ಹಣಮವ್ವನ ಕೈಗೆ ಸಿಗುತ್ತಿದ್ದದ್ದು ಅವನು ಸಂಜೆ ಊಟಕ್ಕೆ ಕೂತಾಗ.

ಹಣಮವ್ವ ಅಂಗನವಾಡಿ ಸಹಾಯಕಿ. ಅಲ್ಲಿನ ಟೀಚರ್ ಮೇ ತಿಂಗಳಲ್ಲಿ ನಿವೃತ್ತಿಯಾಗುವವರಿದ್ದರು. ಹತ್ತನೆಯ ತರಗತಿ ಪಾಸಾದರೆ ಆ ಜಾಗ ಇವಳಿಗೆ. ವಿಜ್ಞಾನ ಒಂದೇ ಬಾಕಿ, ಅದು ಆಗಲೇ ಎರಡು ಸಲ ಕೈಕೊಟ್ಟಿತ್ತು.

ದಾರಿ ಹುಡುಕಿದವಳು ಆರೋಗ್ಯ ಕೇಂದ್ರದ ಸಿಸ್ಟರ್ ಲುಂಬಿನಿ. ಇವಳೂ ಸೇರಿ ಅದೇ ವಿಜ್ಞಾನ ಪರೀಕ್ಷೆ ಕಟ್ಟಿದ್ದ ಮೂವರು ದೊಡ್ಡವರನ್ನು ಆಕೆ ಮೆಸೇಜಿನಲ್ಲಿ ಕೂಡಿಸಿದಳು. ಶಹಾಬಾದಿನ ಪೀರಪ್ಪ ಪ್ರಶ್ನೆ ಬರೆದು ಹಣಮವ್ವನಿಗೆ ಕಳಿಸಬೇಕು. ಇವಳು ಉತ್ತರ ಸೇರಿಸಿ ಸೇಡಂನ ತಾಜುನ್ನಿಸಾಗೆ ದಾಟಿಸಬೇಕು. ಆಕೆ ತಪ್ಪು ತಿದ್ದಿ ಇಬ್ಬರಿಗೂ ತಿರುಗಿ ಕಳಿಸಬೇಕು.

"ಈ ವಯಸ್ಸಿನ್ಯಾಗ ಫೋನಿನ್ಯಾಗ ಎಂಥಾ ಸಾಲಿ, ಸಿಸ್ಟರ್?" ಅಂತ ಚಂದ್ರಾಮ ಕೊಂಕು ತೆಗೆದ.

"ಒಬ್ಬರಿಗಿ ತಿಳೀಲಾರದ್ದು ಇನ್ನೊಬ್ಬರಿಗಿ ತಿಳದಿರ್ತದ, ಅಣ್ಣಾ. ದುಡಿಯೋ ಮಂದಿಗಿ ದಿನಾ ಸಾಲಿಗಿ ಹೋಗ್ಲಿಕ್ಕಿ ಎಲ್ಲಿ ಆಗ್ತದ? ನಡುವ ಒಬ್ಬರು ನಿಂತ್ರ ಮೂವರದೂ ನಿಲ್ತದ, ಅಷ್ಟು ನೋಡ್ಕೋರಿ," ಅಂದಳು ಲುಂಬಿನಿ. ಮರುದಿನವೇ ತರಬೇತಿಗೆಂದು ಅವಳು ಒಂದು ತಿಂಗಳು ಗುಲಬರ್ಗಾಕ್ಕೆ ಹೋದಳು.

ಒಂದು ವಾರ ಚೆನ್ನಾಗಿ ನಡೆಯಿತು. ಆಮೇಲೊಂದು ಮಧ್ಯಾಹ್ನ ಸ್ಟ್ಯಾಂಡಿನಲ್ಲಿ ಫೋನು ಗುಂಯ್ ಅಂದಿತು. ಪಕ್ಕದ ಟಂಟಂನ ಜಟ್ಟೆಪ್ಪ ಕಸಿದುಕೊಂಡು ಜೋರಾಗಿ ಓದಿದ: "ಗಾಡಿ ಬಾಜೂಕ ಇರೋ ಕನ್ನಡಿ ಎಂಥದು? ಅದರಾಗ ಮುಖ ಸಣ್ಣದು ಯಾಕ ಕಾಣ್ತದ? ಲಗೂ ಹೇಳ್ರಿ. ಪೀರಪ್ಪ." ಓದಿ ಕಿಸಕ್ಕನೆ ನಕ್ಕ. "ಯಾರಪಾ ಇಂವ? ನಿನ್ನ ಮನ್ಯಾಕಿಗಿ ಕನ್ನಡಿ, ಮುಖ ಅಂತ ಕೇಳಾಕತ್ತಾನ!"

ಸ್ಟ್ಯಾಂಡೆಲ್ಲ ನಕ್ಕಿತು. ಚಂದ್ರಾಮನ ಮೈ ಉರಿದುಹೋಯಿತು. ಪ್ರಶ್ನೆ ತನ್ನ ಟಂಟಂನ ಕನ್ನಡಿಯದೇ ಅಂತ ಅವನಿಗೆ ಹೊಳೆಯಲಿಲ್ಲ. ನಾಲ್ಕು ಜನ ನಕ್ಕಾಗ ಗಂಡಸಿನ ಬುದ್ಧಿ ಎಲ್ಲಿ ಓಡುತ್ತದೆ? ಅಳಿಸಿಬಿಟ್ಟ. ಅಂದಿನಿಂದ ಪೀರಪ್ಪನ ಹೆಸರು ಕಂಡರೆ ಸಾಕು, ಅಳಿಸುತ್ತಿದ್ದ.

"ಏನೂ ಬಂದಿಲ್ಲೇನ್ರಿ?" ಅಂತ ಹಣಮವ್ವ ದಿನವೂ ಕೇಳುತ್ತಿದ್ದಳು.

"ಇಲ್ಲ."

ಕಡೆಯ ಉತ್ತರ ತಪ್ಪು ಬರೆದೆ, ಅದಕ್ಕೇ ದಡ್ಡಿ ಅಂತ ಕೈಬಿಟ್ಟರು ಅಂತ ಅವಳು ಒಳಗೊಳಗೇ ನೊಂದುಕೊಂಡಳು. ಕೇಳಲು ನಾಚಿಕೆ. ಒಮ್ಮೆ ತಾಜುನ್ನಿಸಾಳೇ ಫೋನ್ ಮಾಡಿದಾಗ ಚಂದ್ರಾಮ, "ಅಕಿ ಓದೂದು ಬಿಟ್ಟಾಳ, ಮತ್ತ ಹಚ್ಚಬ್ಯಾಡ್ರಿ," ಅಂತ ಕತ್ತರಿಸಿದ.

ಸಿಸ್ಟರ್ ತಿರುಗಿ ಬರುವುದರೊಳಗೆ ಪರೀಕ್ಷೆ ಮುಗಿದುಹೋಗಿತ್ತು. ಫಲಿತಾಂಶ ಬಂತು. ಮೂವರೂ ಫೇಲು. ಹಣಮವ್ವನಿಗೆ ಕಡಿಮೆ ಬಿದ್ದದ್ದು ನಾಲ್ಕೇ ಅಂಕ.

ಲುಂಬಿನಿಯ ಜೊತೆ ಪೀರಪ್ಪ ಮನೆಗೆ ಬಂದ. ಚಂದ್ರಾಮ ನೋಡುತ್ತಾನೆ, ನೆಲಕ್ಕೆ ಹಾಸುವ ಫರಸಿ ಕಲ್ಲು ಕಡಿದು ಕಡಿದು ಬೆರಳು ಬಾಗಿದ, ಮೊಮ್ಮಕ್ಕಳನ್ನು ಕಂಡ ಮುದುಕ.

"ಯಾಕವ್ವಾ, ನಡುವ ಬಿಟ್ಟಿ?" ಅಂದ ಪೀರಪ್ಪ.

"ನಾ ಬಿಟ್ಟೆನಾ? ನೀವೇ ಕಳಿಸಲಿಲ್ಲಲ್ರೀ ಕಾಕಾ!"

ಪೀರಪ್ಪ ತನ್ನ ಫೋನು ತೆಗೆದು ತೋರಿಸಿದ. ಮೊದಲ ವಾರದ ಆಮೇಲೆ ಕಳಿಸಿದ್ದು ಹದಿನಾಲ್ಕು ಪ್ರಶ್ನೆ, ಒಂದಕ್ಕೂ ಉತ್ತರವಿಲ್ಲ. ಎಲ್ಲರೂ ಚಂದ್ರಾಮನ ಕಡೆ ತಿರುಗಿದರು. ಅವನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ನಂದಿರ್ಲಿ," ಅಂದಳು ಹಣಮವ್ವ. "ಈ ಹಿರಿಯಾ, ಆ ತಾಜುನ್ನಿಸಾ ನಿಮಗ ಏನು ಮಾಡಿದ್ರು? ನನ್ನ ಒಂದು ಮಾತು ಕೇಳಬಾರದಿತ್ತಾ?"

"ತಪ್ಪಾತು. ತಗೋ, ಇನ್ನ ಮ್ಯಾಲ ಇದು ನಿನ್ನ ಹತ್ರನೇ ಇರ್ಲಿ," ಅಂತ ಚಂದ್ರಾಮ ಫೋನು ಚಾಚಿದ.

"ತೊಗೊಂತೀನಿ. ಆದ್ರ ಜಾಗ ಹೋತಲ್ರೀ," ಅಂದಳು ಅವಳು.

ಅಣ್ಣಂದಿರೇ, ದೊಡ್ಡವರು ಕಲಿಯಲು ಶಾಲೆಯೇ ಬೇಕಿಲ್ಲ. ಒಬ್ಬರಿಗೊಬ್ಬರು ಕಳಿಸುವ ಎರಡು ಸಾಲು ಮೆಸೇಜೂ ಕಲಿಸುತ್ತದೆ. ಮನೆಯಾಕೆಗೆ ಬಂದದ್ದನ್ನು ಅಳಿಸಬೇಡಿ, ಅವಳ ಕೈಗೆ ಕೊಡಿ. ಅಕ್ಕಂದಿರೇ, ಎರಡು ದಿನ ಮೆಸೇಜ್ ಬರದಿದ್ದರೆ ನಾಚಬೇಡಿ, ನೀವೇ ಫೋನ್ ಹಚ್ಚಿ ಕೇಳಿ. ಚಂದ್ರಾಮನಿಗೆ ಈಗ ಎಲ್ಲ ತಿಳಿದಿದೆ. ಹಣಮವ್ವ ಮಾತ್ರ ದಿನಾ ಬೆಳಿಗ್ಗೆ, ಹೊಸ ಟೀಚರ್ ಬರುವ ಮುಂಚೆ, ಆಕೆಯ ಕುರ್ಚಿ ಒರೆಸಿಡುತ್ತಾಳೆ.