ಜತನ ಮಾಡಿದ ಡಬ್ಬಿ

ರಾವೂರಿನಲ್ಲಿ ಕರೆಂಟು ಹೋದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಹೋದದ್ದು ಬಂದೇ ಬರುತ್ತದೆ. ಹೆದರುವುದೆಲ್ಲ ಡಿಮ್ಮಿಗೆ. ಓಣಿಯ ಹಿಂದಿನ ಫರ್ಸಿ ಕಲ್ಲು ಕೊಯ್ಯುವ ಮಶೀನು ಶುರುವಾದರೆ ಸಾಕು, ಬಲ್ಬು ಕೆಂಪಗಾಗುತ್ತದೆ, ಫ್ಯಾನು ತೂಕಡಿಸುತ್ತದೆ. ಆಗ ಹೆಂಗಸರು ಹಂಚಿನ ಮೇಲಿನ ರೊಟ್ಟಿ ಬಿಟ್ಟು ಓಡುತ್ತಾರೆ. ಟೀವಿ, ಫ್ರಿಜ್ಜು, ಚಾರ್ಜರು ಎಲ್ಲವನ್ನೂ ಪಟಪಟನೆ ಕಿತ್ತಿಡುತ್ತಾರೆ. ಸುಟ್ಟು ಹೋದರೆ ಕೊಡಿಸುವವರು ಯಾರು?

ಲಾಲಮ್ಮ ಒಂದನ್ನು ಮಾತ್ರ ಕೀಳುತ್ತಿರಲಿಲ್ಲ. ಅದು ಗಂಡ ಧರ್ಮಣ್ಣನ ಆಕ್ಸಿಜನ್ ಮಶೀನು. ಫರ್ಸಿ ಕೊಯ್ದು ಕೊಯ್ದು ಅವನ ಎದೆಯೊಳಗೆ ಕಲ್ಲಿನ ಧೂಳೇ ಮನೆ ಮಾಡಿತ್ತು. ಕೀಳದಿದ್ದರೇನು, ಡಿಮ್ಮಾದಾಗ ಆ ಮಶೀನು ತಾನಾಗಿಯೇ ಕುಂಯ್ಯೆಂದು ನಿಂತುಬಿಡುತ್ತಿತ್ತು. ಸ್ಟೆಬಿಲೈಜರಿನ ಆಟವೂ ನಡೆಯುತ್ತಿರಲಿಲ್ಲ. ಧರ್ಮಣ್ಣ ಬಾಯಿ ತೆರೆದು ಗಾಳಿಗೆ ಒದ್ದಾಡುವಾಗ ಲಾಲಮ್ಮ ಅವನ ಎದೆ ನೀವುತ್ತ ಕೂರುತ್ತಿದ್ದಳು.

ಹೀಗಿರುವಾಗ ವಾಡಿಯ ಕರೆಂಟ್ ಆಫೀಸಿನಿಂದ ಸರ್ವೆಗೆಂದು ಬಂದ ಸಪ್ನಾ ಎಂಬ ಹುಡುಗಿ, ಲಾಲಮ್ಮನ ಮನೆಯ ಪ್ಲಗ್ಗಿಗೆ ಒಂದು ಬಿಳಿ ಡಬ್ಬಿ ಸಿಕ್ಕಿಸಿದಳು.

"ಇದರಾಗ ಸಿಮ್ ಅದ, ಕಾಕೂ. ಕರೆಂಟ ಹ್ಯಾಂಗ ಬರ್ತದ ಅನ್ನೋ ಖಬರ್ ಇಂಟರ್ನೆಟ್ಟಿನಾಗ ಸೀದಾ ಆಫೀಸಿಗೆ ಹೋಗ್ತದ. ಯಾವ ಓಣ್ಯಾಗ ತ್ರಾಸ ಭಾಳ ಅದ, ಅಲ್ಲಿ ಹೊಸ ಟಿ.ಸಿ. ಹಾಕ್ತಾರ. ಈ ಓಣಿಗೆಲ್ಲಾ ಇದೊಂದೇ ಡಬ್ಬಿ. ಜತನ ಮಾಡ್ರಿ ಮತ್ತ."

"ಜೀವದಂಗ ಜತನ ಮಾಡ್ತೀನಿ, ತಂಗಿ."

ಟಿ.ಸಿ. ಎಂದರೆ ಟ್ರಾನ್ಸ್‌ಫಾರ್ಮರು. ಅದು ಬಂದರೆ ಗಂಡ ಉಸಿರಾಡುತ್ತಾನೆ. ಲಾಲಮ್ಮನಿಗೆ ಅಷ್ಟು ತಿಳಿದರೆ ಸಾಕಿತ್ತು. ದಿನಾ ಡಬ್ಬಿಯನ್ನು ಸೆರಗಿನಿಂದ ಒರೆಸಿದಳು, ಬಂದವರು ಮುಟ್ಟಿದರೆ ಗದರಿದಳು.

ಮಳೆಗಾಲ ಕಳೆದ ಮೇಲೆ ಟಿ.ಸಿ. ಬಂತು, ಪಕ್ಕದ ಓಣಿಗೆ. ಡಬ್ಬಿ ಒಯ್ಯಲು ಬಂದ ಸಪ್ನಾಳನ್ನು ಲಾಲಮ್ಮ ಹೊಸ್ತಿಲಲ್ಲೇ ತಡೆದಳು.

"ನಮ್ಮ ಓಣಿ ಏನು ಪಾಪ ಮಾಡಿತ್ತವ್ವಾ?"

ಸಪ್ನಾ ಮೊಬೈಲು ತೆಗೆದು ತೋರಿಸಿದಳು. ಹಸಿರು ಗೆರೆಯೊಂದು ನೆಟ್ಟಗೆ ಹೋಗಿತ್ತು, ಅಲ್ಲಲ್ಲಿ ತುಂಡಾಗಿತ್ತು.

"ನಿಮ್ಮಲ್ಲಿ ಕರೆಂಟ ಭಾಳ ಚೊಲೋ ಅದ ಅಂತ ಬಂದದ, ಕಾಕೂ. ಒಮ್ಮಿನೂ ಡಿಮ್ ಆಗಿಲ್ಲ. ಈ ತುಂಡಾದಲ್ಲಿ ಡಬ್ಬಿ ಬಂದ್ ಇತ್ತು."

"ಅದು ಕೆಟ್ಟು ಬಂದ್ ಆಗಿದ್ದಲ್ಲ. ಡಿಮ್ ಆದ ಕೂಡ್ಲೆ ನಾನೇ ಕಿತ್ತಿ ಇಡ್ತಿದ್ದೆ. ಸುಟ್ಟು ಹೋದ್ರ? ಜತನ ಮಾಡ್ರಿ ಅಂತ ನೀನೇ ಅಂದಿದ್ದಿ."

ಹೇಳುವಾಗ ಅವಳ ದನಿಯಲ್ಲಿ ಹೆಮ್ಮೆಯಿತ್ತು ನೋಡಿ, ಅದನ್ನು ನೆನೆದರೇ ಸಂಕಟವಾಗುತ್ತದೆ. ಡಿಮ್ಮಿನ ಸುದ್ದಿ ಹೇಳಲೆಂದೇ ಬಂದ ಡಬ್ಬಿ ಡಿಮ್ಮನ್ನು ಕಂಡೇ ಇರಲಿಲ್ಲ. ಸಪ್ನಾ ತಡವರಿಸುತ್ತ ಎಲ್ಲ ಬಿಡಿಸಿ ಹೇಳಿದಳು. ಲಾಲಮ್ಮ ಅವಳನ್ನು ಒಳಗೆ ಬಿಟ್ಟು, ಡಬ್ಬಿಯ ಮುಂದೆ ಹೋಗಿ ಕುಳಿತಳು.

"ಈಗ ಇರಲಿ ಬಿಡು, ತಂಗಿ. ನಾ ಮುಟ್ಟಂಗಿಲ್ಲ."

"ಸರ್ವೆ ಮುಗದದ, ಕಾಕೂ. ಆಫೀಸಿನಾಗ ಈಗ ಯಾರೂ ನೋಡಂಗಿಲ್ಲ. ಕೀಳಬ್ಯಾಡ್ರಿ ಅಂತ ನಾ ಹೇಳಬೇಕಿತ್ತು."

ಅಷ್ಟರಲ್ಲಿ ಓಣಿಯ ಹಿಂದೆ ಕಲ್ಲಿನ ಮಶೀನು ಗುರುಗುಟ್ಟಿತು. ಬಲ್ಬು ಕೆಂಪಾಯಿತು. ಎದ್ದು ನಿಂತ ಲಾಲಮ್ಮನ ಕೈ ರೂಢಿಯಂತೆ ಡಬ್ಬಿಯತ್ತ ಹೋಗಿ, ನಡುವೆಯೇ ನಿಂತಿತು. ತುಸು ಹೊತ್ತಿಗೆ, ಡಿಮ್ಮು ಕಂಡ ಡಬ್ಬಿ ಮೊದಲ ಸಲ ಕೆಂಪು ದೀಪ ಮಿಟುಕಿಸತೊಡಗಿತು. ಮಂಚದ ಪಕ್ಕದಲ್ಲಿ ಆಕ್ಸಿಜನ್ ಮಶೀನು ಕುಂಯ್ಯೆಂದು ನಿಂತಿತು. ಲಾಲಮ್ಮ ಮೊರ ಎತ್ತಿಕೊಂಡು ಗಂಡನ ಮುಖಕ್ಕೆ ಗಾಳಿ ಬೀಸತೊಡಗಿದಳು. ಡಬ್ಬಿ ತೆಗೆಯಲು ಸಪ್ನಾ ಕೈ ಚಾಚಿದಳು.

"ಕೀಳಬ್ಯಾಡ, ತಂಗಿ," ಎಂದಳು ಲಾಲಮ್ಮ, ತಿರುಗಿ ನೋಡದೆ. "ಒಮ್ಮ್ಯಾರ ಖರೇ ಹೇಳಲಿ ಅದು."