ನೀರು ಕುಡಿದ ಅಂಗಳ

ಗಾಡಿಯನ್ನು ಗೋಡೆಯವರೆಗೂ ತಳ್ಳಿ, ತಿರುಗಿಸಿ, ಅದೇ ಜಾಡಿನಲ್ಲಿ ಅಕ್ಕ ಮತ್ತೆ ವಾಪಸು ಬಂದಳು. ಗಾಡಿಯ ಹಿಡಿಗೆ ಕೂರಿಸಿದ್ದ ಪರದೆಯಲ್ಲಿ ಮೇಲೆ ಎರಡು ಪಟ್ಟೆ, ಅದರ ಕೆಳಗೆಲ್ಲ ಬೂದಿ ಕಲಸಿದಂಥ ಬಣ್ಣ.

"ಮಗು ಮಲಗಿತಾ ಅಕ್ಕಾ?" ಜೆಸಿಬಿ ಮೇಲೆ ಕೂತಿದ್ದ ತಮ್ಮ ಕೇಳಿದ. ಅಕ್ಕನ ರಾಡಾರ್ ಗಾಡಿ ಅವನಿಗೆ ಎಂದಿದ್ದರೂ ಕೂಸನ್ನು ಕೂರಿಸಿ ತಳ್ಳುವ ಗಾಡಿಯೇ.

"ಬಾಯಿ ಮುಚ್ಕೊಂಡು ಕೂತಿರೋ."

ಲಾಂಡ್ರಿಯ ಹಿತ್ತಿಲಲ್ಲಿ ಹೊಸ ಚರಂಡಿ ತೋಡಬೇಕಿತ್ತು. ನೆಲದಡಿ ಎಲ್ಲೋ ಪಕ್ಕದ ಆಸ್ಪತ್ರೆಗೆ ಹೋಗುವ ಕರೆಂಟಿನ ಕೇಬಲ್ಲಿತ್ತು. ಅದನ್ನು ಬಂದ್ ಮಾಡುವಂತಿಲ್ಲ, ಎಲ್ಲಿದೆ ಎಂದು ಹೇಳುವವರೂ ಇಲ್ಲ. ಅಕ್ಕನ ಗಾಡಿ ಮಣ್ಣಿನೊಳಗೆ ಅಲೆ ಕಳಿಸುತ್ತದೆ. ಹೂತಿರುವ ಪೈಪಿಗೋ ಕೇಬಲ್ಲಿಗೋ ಅದು ತಾಗಿ ಹಿಂದಿರುಗಿದರೆ ಪರದೆಯಲ್ಲಿ ಕಮಾನೊಂದು ಮೂಡುತ್ತದೆ. ಕಮಾನು ಕಂಡಲ್ಲಿ ಅವಳು ನೆಲದ ಮೇಲೆ ಕೆಂಪು ಬಣ್ಣದ ಗೆರೆ ಹೊಡೆಯುತ್ತಾಳೆ. ಗೆರೆ ಬೀಳುವವರೆಗೆ ತಮ್ಮ ಕೀಲಿ ತಿರುಗಿಸುವುದಿಲ್ಲ. ಬಿದ್ದ ಮೇಲೆ, ಗೆರೆಯೊಂದನ್ನು ಬಿಟ್ಟು ಉಳಿದ ಕಡೆ ಕಣ್ಣುಮುಚ್ಚಿ ತೋಡುತ್ತಾನೆ.

ಮ್ಯಾನೇಜರು ಪ್ಯಾಂಟು ಮಡಚಿಕೊಂಡು ಹೊರಗೆ ಬಂದ. "ಆಯ್ತಾ ಮೇಡಂ? ಒಳಗೆ ಕೊಳೆನೀರು ಮೊಣಕಾಲಿಗೆ ಬಂದಿದೆ. ಆಸ್ಪತ್ರೆ ಬೆಡ್‌ಶೀಟೆಲ್ಲ ಹಾಗೇ ಬಿದ್ದಿವೆ."

"ಅಂಗಳ ಯಾಕೆ ಇಷ್ಟು ಒದ್ದೆ?"

"ನಾನೇ ನಿನ್ನೆ ಸಂಜೆ ಪೈಪ್ ಹಿಡಿಸಿ ನೀರು ಹೊಡೆಸಿದೆ. ಹೋದ ಸಲ ಮುಂದಿನ ಅಂಗಳ ನೋಡೋಕೆ ಬಂದಾಗ ಧೂಳು ಧೂಳು ಅಂತ ಪರದೆ ಒರೆಸ್ತಾನೇ ಇದ್ರಲ್ಲ, ಪಾಪ ಅನ್ನಿಸ್ತು." ಉಪಕಾರ ಮಾಡಿದವನ ಕಳೆ ಅವನ ಮುಖದಲ್ಲಿತ್ತು.

ಬೈಯಲು ಅಕ್ಕನಿಗೆ ಮನಸ್ಸಾಗಲಿಲ್ಲ. ಧೂಳು ಎಂದು ಗೊಣಗಿದ್ದು ನಿಜವೇ. ಆದರೆ ಇದು ಜೇಡಿಮಣ್ಣು. ನೀರು ಕುಡಿದ ಜೇಡಿ ಅಲೆಯನ್ನೂ ಕುಡಿದುಬಿಡುತ್ತದೆ.

"ಇಲ್ಲಿ ನೋಡಿ." ನೀರಿನ ಪೈಪಿನ ಎರಡು ಮುಚ್ಚಳಗಳು ಕಣ್ಣೆದುರೇ ಇದ್ದವು. ನಡುವಿನಲ್ಲಿ ಅವಳು ಗಾಡಿಯನ್ನು ಅಡ್ಡಡ್ಡ ತಳ್ಳಿದಳು. ಪರದೆಯಲ್ಲಿ ಬೂದಿಯೇ. "ಇಲ್ಲಿ ಕಬ್ಬಿಣದ ಪೈಪಿದೆ ಅಂತ ನಂಗೂ ಗೊತ್ತು, ನಿಮಗೂ ಗೊತ್ತು. ಇದಕ್ಕೆ ಮಾತ್ರ ಗೊತ್ತಾಗ್ತಿಲ್ಲ. ಇನ್ನು ಕೇಬಲ್ ಎಲ್ಲಿ ಕಾಣ್ಸುತ್ತೆ? ಒಣಗಲಿ, ಬರ್ತೀನಿ."

"ಒಣಗೋಷ್ಟರಲ್ಲಿ ನಾವು ಮುಳುಗಿರ್ತೀವಿ."

ಅಕ್ಕ ಜೆಸಿಬಿಯತ್ತ ನೋಡಿದಳು. ತಮ್ಮ ಚಪ್ಪಲಿ ಬಿಚ್ಚಿ ಬರಿಗಾಲಲ್ಲಿ ಕೂತಿದ್ದ. ಎಷ್ಟು ಸಲ ಹೇಳಿದರೂ ಬೂಟು ಹಾಕುವವನಲ್ಲ.

ಮ್ಯಾನೇಜರು ದನಿ ತಗ್ಗಿಸಿದ. "ಮೇಡಂ, ಹಳೇ ಕಾಲದೋರು ಗೋಡೆ ಹಿಡ್ಕೊಂಡೇ ಕೇಬಲ್ ಎಳೀತಿದ್ರು. ಅಲ್ಲೊಂದು ಗೆರೆ ಹೊಡೆದುಬಿಡಿ. ಅಷ್ಟು ಬಿಟ್ಟು ನಿಮ್ಮ ತಮ್ಮ ತೋಡ್ಲಿ. ನಿಮಗೂ ಸಮಾಧಾನ, ನಂಗೂ ಸಮಾಧಾನ."

"ಅಲ್ಲಿ ಇಲ್ದೆ ಹೋದ್ರೆ?"

"ಇರುತ್ತೆ ಬಿಡಿ."

ಅವನೇ ಬಗ್ಗಿ ಗಾಡಿಯಿಂದ ಕೆಂಪು ಬಣ್ಣದ ಡಬ್ಬಿ ಎತ್ತಿಕೊಂಡು ಕುಲುಕಿದ. ಒಳಗಿನ ಗೋಲಿ ಕಟಕಟ ಎಂದಿತು. ಆ ಸದ್ದಿಗೇ ಕಾದಿದ್ದ ತಮ್ಮ ನೆಟ್ಟಗೆ ಕೂತು ಕೀಲಿಗೆ ಕೈ ಹಾಕಿದ.

"ಎಲ್ಲಕ್ಕಾ, ಗೋಡೆ ಪಕ್ಕಾನಾ?"

ಮ್ಯಾನೇಜರು ಡಬ್ಬಿಯನ್ನು ಅವಳತ್ತ ಚಾಚಿದ. ಅಕ್ಕ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ಹೊಡೆಯಲ್ಲ," ಎಂದಳು.